ಸಿಹಿ ಸುದ್ದಿಯ ತೂಕ

ನಮ್ಮ ಎದುರು ಮನೆಯ ತಕ್ಕಡಿ ಸಾಹೇಬರಿಗೆ ಸಕ್ಕರೆ ಕಾಯಿಲೆ ಬಂದ ಸಂಗತಿ ನಮ್ಮ ಮೂರಂತಸ್ತಿನ ಕಟ್ಟಡಕ್ಕೆ ತಿಳಿಯಲು ಹತ್ತಿರಹತ್ತಿರ ಒಂದು ತಿಂಗಳು ಹಿಡಿಯಿತು. ಅವರ ಹೆಂಡತಿ ಬಸುರಿ ಎಂಬ ಸಂಗತಿ ಮಾತ್ರ ಅರ್ಧ ದಿನದಲ್ಲಿ ತಿಳಿದುಹೋಯಿತು. ಇವೆರಡರಲ್ಲಿ ನಿಜವಾದದ್ದು ಮೊದಲನೆಯದು. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಬೇರೆಯವರ ತಪ್ಪು ಕಂಡೂ ಸುಮ್ಮನಿರುವುದು ನನ್ನ ಕಸುಬಿಗೇ ವಿರುದ್ಧವಾದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದೇನೆ.

ತಕ್ಕಡಿ ಸಾಹೇಬರೆಂದರೆ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿಯನ್ನು ಪರೀಕ್ಷಿಸಿ, ತೂಕದ ಬಟ್ಟಿನ ತಳ ನೋಡಿ, ಮುದ್ರೆ ಒತ್ತುವುದು ಅವರ ಉದ್ಯೋಗ. ಅವರು ಬೀದಿಯ ತುದಿಯಲ್ಲಿ ಕಂಡರೆ ಸಾಕು, ದಿನಸಿ ಅಂಗಡಿಯವರು ತಕ್ಕಡಿಯ ತಟ್ಟೆಯನ್ನು ಅಂಗಿಯ ತುದಿಯಿಂದ ಒರೆಸಲು ಶುರುಮಾಡುತ್ತಾರೆ. ಇಷ್ಟೇ ಆಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಸಾಹೇಬರು ಮನುಷ್ಯರನ್ನೂ ತೂಗುತ್ತಿದ್ದರು. ಮೆಟ್ಟಿಲ ಮೇಲೆ ಸಿಕ್ಕವರನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, "ನಾಲ್ಕು ಕಿಲೋ ಜಾಸ್ತಿ ಆಗಿದ್ದೀರಲ್ಲ" ಎನ್ನುವರು. ಆಮೇಲೆ ಉಪದೇಶ ಶುರು. ಅವರ ಉಪದೇಶಕ್ಕೆಲ್ಲ ಒಂದೇ ಪಲ್ಲವಿ: "ಸಕ್ಕರೆ ಕಾಯಿಲೆ ಬರೋದು ಯಾರಿಗೆ ಹೇಳಿ? ಸೋಮಾರಿಗಳಿಗೆ, ಬಾಯಿ ಕಟ್ಟೋಕಾಗದವರಿಗೆ. ಮನುಷ್ಯ ನೆಟ್ಟಗಿದ್ರೆ ಅದು ಹತ್ತಿರಾನೂ ಸುಳಿಯಲ್ಲ."

ಹೀಗೆ ಹೇಳುವವರ ಜೇಬಿನಲ್ಲಿ ಸದಾ ಒಂದು ಪೊಟ್ಟಣ ಕ್ರೀಮ್ ಬಿಸ್ಕತ್ತು ಇರುತ್ತಿತ್ತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಹುಟ್ಟಿದ್ದೇ ಇಂಥವರನ್ನು ಕಂಡು.

ಒಂದು ದಿನ ಬೆಳಗ್ಗೆ ಅವರ ಹೆಂಡತಿ ಗಂಡನನ್ನು ಹಿಡಿದು ನಿಲ್ಲಿಸಿದರು. ಆಕೆ ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಹೆಡ್ ಮಿಸ್ಸು. ಐವತ್ತಕ್ಕೆ ಹತ್ತಿರವಾದ ಹೆಂಗಸು, ಮದುವೆಯಾಗಿ ಬೇರೆ ಊರಿನಲ್ಲಿರುವ ಮಗಳ ತಾಯಿ. ಆಕೆ ಕಣ್ಣೆತ್ತಿ ನೋಡಿದರೆ ಗೋಡೆಯ ಗಡಿಯಾರವೂ ಸರಿಯಾದ ಸಮಯ ತೋರಿಸುತ್ತದೆ ಎಂದು ಶಾಲೆಯಲ್ಲಿ ಮಾತು.

"ರೀ, ಗಂಟೆಗೊಂದು ತಂಬಿಗೆ ನೀರು ಕುಡೀತೀರಿ, ಅರ್ಧ ಗಂಟೆಗೊಂದು ಸಲ ಬಚ್ಚಲಿಗೆ ಓಡ್ತೀರಿ. ಇವತ್ತು ರಕ್ತ ಕೊಟ್ಟು ಬರದಿದ್ರೆ ಮನೆಗೆ ಬರಬೇಡಿ."

ಸಾಹೇಬರು ರಕ್ತ ಕೊಟ್ಟು ಬಂದರು. ಬಜಾರಿಗೆಲ್ಲ ಸಿಂಹಸ್ವಪ್ನವಾದ ಮನುಷ್ಯ ಸೂಜಿ ಕಂಡು ಕುರ್ಚಿಯಿಂದ ಜಾರಿದ್ದರಂತೆ. ಅದು ಹೊರಗೆ ಬಂದದ್ದು ಆಮೇಲೆ. ಸಂಜೆ ಲ್ಯಾಬಿನಲ್ಲೇ ಡಾಕ್ಟರು ರಿಪೋರ್ಟು ನೋಡಿ, ಸಕ್ಕರೆ ಕಾಯಿಲೆಯೇ ಹೌದು ಎಂದರು. ನಡಿಗೆ, ಮಾತ್ರೆ, ಊಟದಲ್ಲಿ ಹಿಡಿತ ಎಂದು ಹೇಳಿ, ಕೊನೆಗೆ ಒಂದು ಮಾತು ಸೇರಿಸಿದರು: "ಮೂರು ತಿಂಗಳು ನೋಡ್ತೀನಿ. ಇಳೀದಿದ್ರೆ ಇನ್ಸುಲಿನ್ನು. ದಿನಾ ಸೂಜಿ."

ಸಾಹೇಬರು ಲ್ಯಾಬಿನ ಹೊರಕೋಣೆಗೆ ಬಂದು ಹೆಂಡತಿಗೆ ಫೋನು ಮಾಡಿದರು. ಅತ್ತ ಕಡೆಯವರು ಫೋನೆತ್ತುವ ಹೊತ್ತಿಗೆ ಸರಿಯಾಗಿ, ಮೂಲೆಯ ಬೆಂಚಿನಲ್ಲಿ ಪೇಪರು ಹಿಡಿದು ಕೂತಿದ್ದ ಆಸಾಮಿ ಪೇಪರು ಕೆಳಗಿಳಿಸಿದ. ನೋಡಿದರೆ ನಮ್ಮ ಕಟ್ಟಡದ ನೆಲಮಾಳಿಗೆಯ ಟೈಲರು. ಅವನಿಗೆ ಹೋದ ವಾರವಷ್ಟೇ ಸಾಹೇಬರು ಸೋಮಾರಿತನದ ಮೇಲೆ ಬಹಳ ಹೊತ್ತು ಉಪದೇಶ ಮಾಡಿದ್ದರು.

"ಏನಪ್ಪಾ, ನೀನಿಲ್ಲಿ?" ಎಂದರು ಸಾಹೇಬರು, ಫೋನನ್ನು ಎದೆಗೆ ಒತ್ತಿಕೊಂಡು.

"ಏನಿಲ್ಲ ಸಾರ್. ಇಲ್ಲಿ ಫ್ಯಾನು ಚೆನ್ನಾಗಿ ತಿರುಗುತ್ತೆ ಅಂತ..." ಎಂದ ಟೈಲರು. ಅವನ ಎಡಗೈ ಮೊಣಕೈ ಹತ್ತಿರ ಮಡಚಿಕೊಂಡಿತ್ತು. ಅದನ್ನು ಬಿಚ್ಚಲಿಲ್ಲ. ಸಾಹೇಬರು ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಫೋನಿನೊಳಗಿಂದ ಹೆಡ್ ಮಿಸ್ಸು ಕೂಗುತ್ತಿದ್ದರು, ಎದುರಿಗೆ ಟೈಲರು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದ. ಕಾಯಿಲೆಯ ಹೆಸರು ಹೇಳುವಂತಿಲ್ಲ, ಹೇಳದೆ ಇರುವಂತೆಯೂ ಇಲ್ಲ. ಸಾಹೇಬರಿಗೆ ತಟ್ಟನೆ ಒಂದು ಜಾಣತನ ಹೊಳೆಯಿತು. ಜೀವಮಾನದಲ್ಲಿ ಅವರಿಗೆ ಹೊಳೆದ ಜಾಣತನಗಳಲ್ಲಿ ಯಾವುದೂ ಅವರಿಗೆ ಉಪಕಾರ ಮಾಡಿದ ದಾಖಲೆಯಿಲ್ಲ.

"ಹಲೋ, ನಾನೇ. ರಿಪೋರ್ಟು ಬಂತು. ಒಂದು ಸಿಹಿ ಸುದ್ದಿ ಇದೆ" ಎಂದರು, "ಸಿಹಿ" ಎಂಬ ಪದವನ್ನು ಹೆಂಡತಿಗೆ ಅರ್ಥವಾಗಲೆಂದು ಒತ್ತಿ. "ಹೂಂ, ಅದೇ. ನಿನ್ನ ಅನುಮಾನ ನಿಜ ಆಯ್ತು. ಡಾಕ್ಟರು ಖಾತ್ರಿ ಮಾಡಿದ್ರು. ಈ ವಯಸ್ಸಲ್ಲಿ ಹೀಗಾಗೋದು ಈಗೆಲ್ಲ ಮಾಮೂಲಂತೆ, ನಾಚ್ಕೋಬೇಕಾಗಿಲ್ಲ ಅಂದ್ರು. ಇನ್ನೇನು ಮಾಡೋದು, ಬಂದಿದ್ದಾಗಿದೆ, ಜೀವ ಇರೋವರೆಗೂ ನಾವೇ ನೋಡ್ಕೋಬೇಕು. ಬೆಳಗ್ಗೆ ಇಬ್ಬರೂ ವಾಕಿಂಗ್ ಹೋಗೋಣ. ಮೂರು ತಿಂಗಳು ತುಂಬಲಿ, ಇನ್ನೊಂದು ಟೆಸ್ಟ್ ಇದೆ. ಅಲ್ಲೀತನಕ ಯಾರ ಹತ್ರಾನೂ ಬಾಯಿ ಬಿಡಬೇಡ. ಮಗಳಿಗೂ ಬೇಡ, ಅವಳು ನಗ್ತಾಳೆ."

ಫೋನಿಟ್ಟು ಸಾಹೇಬರು ಟೈಲರಿನ ಕಡೆ ನೋಡಿದರು. ಟೈಲರಿನ ಕಣ್ಣಲ್ಲಿ ನೀರಾಡುತ್ತಿತ್ತು.

"ಸಾರ್, ನಾನೇನೂ ಕೇಳಿಸ್ಕೊಂಡಿಲ್ಲ" ಎಂದ ಅವನು. ಎದ್ದು ಬಂದು ಬಲಗೈಯಲ್ಲಿ ಸಾಹೇಬರ ಕೈ ಕುಲುಕಿದ. "ದೇವರು ಕೊಟ್ಟಾಗ ಬೇಡ ಅನ್ನಬಾರದು."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನಮ್ಮ ಟೈಲರು ಕೊಟ್ಟಿಗೆಯ ಅಳತೆಯನ್ನೂ ತೆಗೆದುಕೊಳ್ಳುವ ಪೈಕಿ. ಅವನಿಗೆ ಬಂದ ಗಿರಾಕಿಗಳಿಗೆಲ್ಲ, ತೋಳಿಗೆ ಟೇಪು ಸುತ್ತಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅವನು ಸುದ್ದಿ ಹೇಳಿದ. ಬಾಯಲ್ಲಿ ಸೂಜಿ ಇರುವವನು ಸುಳ್ಳು ಹೇಳುವ ಸಾಹಸಕ್ಕೆ ಹೋಗುವುದಿಲ್ಲ ಎಂದು ಜನ ನಂಬಿದರು. ನನ್ನ ಹೆಂಡತಿ ರವಿಕೆ ತರಲು ಹೋದವಳು ರವಿಕೆ ಮರೆತು ಓಡಿ ಬಂದಳು.

"ಎದುರು ಮನೆ ಹೆಡ್ ಮಿಸ್ಸಿಗೆ ಅಂತೆ ಕಣ್ರೀ" ಎಂದಳು. ಏನು ಎಂದು ಹೇಳಲು ನಾಚಿ, ಎರಡೂ ಕೈಯಲ್ಲಿ ಗಾಳಿಯಲ್ಲಿ ಮಗುವನ್ನು ತೂಗಿದಳು.

ಮರುದಿನದಿಂದ ಸಾಕ್ಷಿಗಳು ತಾವಾಗಿಯೇ ಬರತೊಡಗಿದವು. ಗಂಡಹೆಂಡತಿ ಮೊದಲ ಬಾರಿಗೆ ಬೆಳಗ್ಗೆ ಜೊತೆಯಾಗಿ ವಾಕಿಂಗಿಗೆ ಹೊರಟರು. ಅಡುಗೆಮನೆಯಿಂದ ಕರಿದ ವಾಸನೆ ನಿಂತುಹೋಯಿತು. ಸಾಹೇಬರು ಚೀಲ ತುಂಬ ಸೊಪ್ಪು ಹೊತ್ತು ಬರುವುದು ಕಂಡಿತು. ಮನೆಯೊಳಗೆ ಅವರು ಕಚೇರಿಯ ಹಳೆಯ ತಕ್ಕಡಿಯನ್ನು ಊಟದ ಮೇಜಿನ ಮೇಲಿಟ್ಟು, ಅನ್ನವನ್ನು ಗ್ರಾಂ ಲೆಕ್ಕದಲ್ಲಿ ತೂಗಿಕೊಳ್ಳುತ್ತಿದ್ದರಂತೆ. ಗೋಡೆ ತೆಳು. "ಮುಳ್ಳು ಇನ್ನೂ ನಿಂತಿಲ್ಲ, ತಟ್ಟೆ ಮುಟ್ಟಬೇಡಿ" ಎಂಬ ಹೆಡ್ ಮಿಸ್ಸಿನ ದನಿ ನಮಗೆ ಕೇಳುತ್ತಿತ್ತು. ಮಗು ಹುಟ್ಟುವ ಮೊದಲೇ ತೂಕ ಹಾಕುವ ಅಭ್ಯಾಸ ಮಾಡುತ್ತಿದ್ದಾರೆ ಎಂದು ನನ್ನ ಹೆಂಡತಿ ಕರಗಿಹೋದಳು.

ಹೆಡ್ ಮಿಸ್ಸಿಗೆ ಎಲ್ಲರೂ ಮರ್ಯಾದೆ ಕೊಡುವ ರೀತಿಯೇ ಬದಲಾಯಿತು. ಮೆಟ್ಟಿಲ ಹತ್ತಿರ ಯಾರೋ ಅವರ ಚೀಲ ಕಸಿದುಕೊಂಡರು. ಶಾಲೆಯಲ್ಲಿ ಕಿರಿಯ ಮಿಸ್ಸುಗಳು ಕುರ್ಚಿಗೆ ದಿಂಬು ಇಟ್ಟರು. "ಭಾರ ಎತ್ತಬೇಡಿ ಮಿಸ್, ಎಲ್ಲಾ ಸರಿಹೋಗುತ್ತೆ" ಎಂದು ಹೇಳಿದವರ ಮುಖದಲ್ಲಿ ಕನಿಕರ, ಕಣ್ಣಲ್ಲಿ ತುಂಟತನ.

ಆಕೆ ಸಂಜೆ ಗಂಡನನ್ನು ಕರೆದು ಹೇಳಿದರು: "ರೀ, ನಿಮ್ಮ ವಿಷಯ ಎಲ್ಲರಿಗೂ ಗೊತ್ತಾಗಿಹೋಗಿದೆ. ಗಂಡನಿಗೆ ಕಾಯಿಲೆ ಅಂತ ನನ್ನ ಮೇಲೆ ಕರುಣೆ ತೋರಿಸ್ತಿದ್ದಾರೆ. ಮುಚ್ಚುಮರೆ ಸಾಕು, ನೀವೇ ಹೇಳಿಬಿಡಿ."

"ಹೇಳಿದ್ರೆ ನಾನು ಆ ಮೆಟ್ಟಿಲು ಹತ್ತೋದು ಹೇಗೆ?" ಎಂದರು ಸಾಹೇಬರು. "ಸೋಮಾರಿಗಳಿಗೆ ಬರೋ ಕಾಯಿಲೆ ಅಂತ ಎಲ್ಲರಿಗೂ ನಾನೇ ಕಲಿಸಿದ್ದು. ಗೊತ್ತಾಗಿಲ್ಲ, ಗೊತ್ತಾಗೋಕೆ ಬಿಡಲ್ಲ. ನೋಡ್ತಿರು, ಎಲ್ಲರೆದುರಿಗೆ ಸಿಹಿ ತಿಂದು ತೋರಿಸ್ತೀನಿ."

ಅನಾಹುತಕ್ಕೆ ದಾರಿಯಾದದ್ದು ಇದೇ. ಸಾಹೇಬರು ಮನೆಯೊಳಗೆ ಗ್ರಾಂ ಲೆಕ್ಕದಲ್ಲಿ ಉಪವಾಸ, ಮನೆಯ ಹೊರಗೆ ಕಿಲೋ ಲೆಕ್ಕದಲ್ಲಿ ಸಕ್ಕರೆ. ದಿನಸಿ ಅಂಗಡಿಯವರು ತಕ್ಕಡಿ ಪರೀಕ್ಷೆಗೆ ಬಂದ ಸಾಹೇಬರಿಗೆ ನಾಲ್ಕು ಚಮಚ ಸಕ್ಕರೆ ಹಾಕಿದ ಚಹಾ ಕೊಟ್ಟು, "ಖುಷಿ ಟೈಮಲ್ಲಿ ಸಿಹಿ ಜಾಸ್ತೀನೇ ಇರಲಿ ಸಾರ್" ಎಂದು ಕಣ್ಣು ಹೊಡೆದರು. ಬೇಡವೆಂದರೆ ಗುಟ್ಟು ರಟ್ಟು, ಕುಡಿದರೆ ಸೂಜಿ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವರಂತೆ ಸಾಹೇಬರು ಕುಡಿದರು. ಮನೆಗೆ ಬಂದು ಹೆಂಡತಿಯ ಕೈಯಿಂದ ಬೆರಳಿಗೆ ಚುಚ್ಚಿಸಿಕೊಂಡು, ಕಣ್ಣು ಮುಚ್ಚಿಕೊಂಡೇ ಎಷ್ಟು ಎಂದು ಕೇಳುವರು. ಸಂಖ್ಯೆ ಮೊದಲಿನದಕ್ಕಿಂತ ಮೇಲೇ ಹೋಗಿರುತ್ತಿತ್ತು. ಹೆಡ್ ಮಿಸ್ಸು ಒಂದು ರಾತ್ರಿ ಊಟ ಬಿಟ್ಟು ಕೂತರು. ಅವರಿಗೆ ನಿಜವಾಗಿ ಭಯವಾಗಿತ್ತು.

ಕಚೇರಿಯಲ್ಲಿ ನಡೆದದ್ದು ಬೇರೆಯೇ ಕಥೆ. ಸಾಹೇಬರ ಮೇಲಧಿಕಾರಿ ಒಬ್ಬ ಗಂಭೀರ ಹೆಂಗಸು. ಆಕೆ ಸಾಹೇಬರನ್ನು ಕೋಣೆಗೆ ಕರೆಸಿ, ಬಾಗಿಲು ಮುಚ್ಚಿಸಿ, ಕೂರಿಸಿದರು.

"ನನಗೆ ವಿಷಯ ಗೊತ್ತಾಯ್ತು. ಮುಜುಗರ ಪಡಬೇಡಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ಸಾಹೇಬರು ಬಿಸ್ಕತ್ತಿನ ಜೇಬು ಮುಟ್ಟಿ ನೋಡಿಕೊಂಡರು. "ಮೇಡಂ, ದಯವಿಟ್ಟು ಯಾರಿಗೂ ಹೇಳಬೇಡಿ."

"ಹೇಳಲ್ಲ. ಆದ್ರೂ ಈ ವಯಸ್ಸಲ್ಲಿ, ಸ್ವಲ್ಪ ಎಚ್ಚರಿಕೆಯಿಂದ ಇರಬೇಕಿತ್ತಲ್ಲ ನೀವು."

"ನಮ್ಮ ವಂಶದಲ್ಲೇ ಇದೆ ಮೇಡಂ. ನಮ್ಮಪ್ಪನಿಗೆ ಅರವತ್ತಕ್ಕೆ ಬಂತು. ನಮ್ಮ ದೊಡ್ಡಪ್ಪನಿಗೆ ಎಪ್ಪತ್ತಕ್ಕೆ."

ಮೇಲಧಿಕಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಎಪ್ಪತ್ತಕ್ಕೆ?"

"ಹೂಂ ಮೇಡಂ. ನಮ್ಮಜ್ಜಿಗೆ ಎಂಬತ್ತು ದಾಟಿದ ಮೇಲೆ."

ಮೇಲಧಿಕಾರಿ ಮೇಜಿನ ಮೇಲಿದ್ದ ಲೋಟದ ನೀರನ್ನು ಪೂರ್ತಿ ಕುಡಿದರು.

"ಮನೆಯವರು ಏನಂದ್ರು?" ಎಂದು ಮೇಲಧಿಕಾರಿ ಬಹಳ ಪ್ರಯತ್ನದಿಂದ ಕೇಳಿದರು.

"ಬೈದಳು ಮೇಡಂ. ಎಷ್ಟು ಸಲ ಬೇಡ ಅಂದೆ, ಕೇಳಿದ್ರಾ, ಕದ್ದು ಕದ್ದು ಹೋಗ್ತಿದ್ರಲ್ಲ ಅಂತ. ನಿಜ, ತಪ್ಪು ನನ್ನದೇ. ಆಸೆ ತಡೆಯೋಕಾಗ್ತಿರಲಿಲ್ಲ. ಕಚೇರಿಯಲ್ಲೂ ಮಧ್ಯಾಹ್ನ ಒಂದೆರಡು ಸಲ..."

"ಸಾಕು" ಎಂದರು ಮೇಲಧಿಕಾರಿ. "ಗಂಡಸರಿಗೂ ಹದಿನೈದು ದಿನ ರಜೆ ಸಿಗುತ್ತೆ. ಹೆರಿ... ಆ ಸಮಯ ಬಂದಾಗ ಬರೆದುಕೊಡಿ. ಈಗ ಹೋಗಿ."

ಸಕ್ಕರೆ ಕಾಯಿಲೆಗೆ ಹದಿನೈದು ದಿನ ರಜೆ ಕೊಡುವ ಸರ್ಕಾರ ಇದೆಯೆಂದು ತಿಳಿದು ಸಾಹೇಬರ ಕಣ್ಣು ತುಂಬಿ ಬಂತು. ಇಲಾಖೆಯ ಮೇಲೆ ಅವರಿಗಿದ್ದ ನಿಷ್ಠೆ ಆ ದಿನ ಇಮ್ಮಡಿಯಾಯಿತು.

ಇಷ್ಟರಲ್ಲಿ ಟೈಲರು ದೊಡ್ಡದೊಂದು ಏರ್ಪಾಟಿಗೆ ಕೈಹಾಕಿದ್ದ. ಸಾಹೇಬರಿಗೆ ಒಬ್ಬ ಅಕ್ಕ ಇದ್ದರು. ನಗರದ ಇನ್ನೊಂದು ಮೂಲೆಯಲ್ಲಿ ವಾಸ, ಬಟ್ಟೆ ಹೊಲಿಸುವುದು ನಮ್ಮ ಟೈಲರಿನ ಹತ್ತಿರವೇ. ಆಕೆಯ ಕಿವಿಗೂ ಸುದ್ದಿ ಬಿದ್ದು, ಇಬ್ಬರೂ ಸೇರಿ ಭಾನುವಾರ ಸಂಜೆ ತಾರಸಿಯ ಮೇಲೆ ಒಂದು ಸಣ್ಣ ಕೂಟ ಇಟ್ಟರು. ಸಾಹೇಬರಿಗೂ ಹೆಡ್ ಮಿಸ್ಸಿಗೂ ಹೇಳಿದ್ದು ಇಷ್ಟೇ: ಕಟ್ಟಡದವರೆಲ್ಲ ಸೇರಿ ನಿಮ್ಮ ಜೊತೆ ಸಂತೋಷ ಹಂಚಿಕೊಳ್ಳಬೇಕೆಂದಿದ್ದಾರೆ.

"ಕಾಯಿಲೆಗೆ ಯಾರಾದ್ರೂ ಸಂತೋಷಕೂಟ ಮಾಡ್ತಾರಾ?" ಎಂದರು ಹೆಡ್ ಮಿಸ್ಸು.

"ಅದಕ್ಕೇ ಹೇಳಿದ್ದು, ಅವರಿಗೆ ಕಾಯಿಲೆ ವಿಷಯ ಗೊತ್ತೇ ಇಲ್ಲ ಅಂತ" ಎಂದರು ಸಾಹೇಬರು. "ನನ್ನ ಇಷ್ಟು ವರ್ಷದ ಆರೋಗ್ಯ ಸೇವೆಗೆ ಸನ್ಮಾನ ಇರಬೇಕು."

ತಾರಸಿಯ ಮೇಲೆ ನೀರಿನ ತೊಟ್ಟಿಯ ಪಕ್ಕದಲ್ಲಿ ಕುರ್ಚಿಗಳು, ಮಧ್ಯೆ ಮೇಜು, ಮೇಜಿನ ಮೇಲೆ ಮೂರು ಮಹಡಿಯ ಕೇಕು. ನಾನು, ನನ್ನ ಹೆಂಡತಿ, ಟೈಲರು, ದಿನಸಿ ಅಂಗಡಿಯವರು, ಮೇಲಿನ ಕೆಳಗಿನ ಮನೆಗಳವರು, ದೂರದ ಕುರ್ಚಿಯಲ್ಲಿ ಮೇಲಧಿಕಾರಿ. ಎಲ್ಲರಿಗೂ ಅಂಗೈ ಅಗಲದ ತುಂಡು ಬಂತು. ಎಲ್ಲರೂ ತಟ್ಟೆ ಹಿಡಿದು ನಗುತ್ತ ನಿಂತರು. ಕರಡು ತಿದ್ದುವವನ ಕಣ್ಣಿಗೆ ಒಂದು ವಿಷಯ ಬಿತ್ತು: ಯಾರೂ ತಿನ್ನುತ್ತಿರಲಿಲ್ಲ. ಚಮಚದಿಂದ ಕೆನೆಯನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಸರಿಸುತ್ತಿದ್ದರು. ಒಬ್ಬೊಬ್ಬರೇ ಗಾಳಿಗೆಂದು ತೊಟ್ಟಿಯ ಹಿಂದಕ್ಕೆ ಹೋಗಿ, ಖಾಲಿ ತಟ್ಟೆ ಹಿಡಿದು ತಿರುಗಿ ಬರುತ್ತಿದ್ದರು.

ಟೈಲರು ಎದ್ದು ನಿಂತ. "ನಾನು ಮಾತುಗಾರ ಅಲ್ಲ" ಎಂದು ಶುರುಮಾಡಿ ಬಹಳ ಹೊತ್ತು ಮಾತಾಡಿದ. ಅವನ ಮಾತು ಮೋಡದಂತೆ ಸುತ್ತುತ್ತಿದ್ದಾಗಲೇ ಸಾಹೇಬರು ಮೆಲ್ಲನೆ ಎದ್ದರು. ಕೈಯಲ್ಲಿದ್ದ ತುಂಡು ಎಲ್ಲರದ್ದಕ್ಕಿಂತ ದೊಡ್ಡದು, ಅಕ್ಕ ಆರಿಸಿ ಕೊಟ್ಟದ್ದು. ಬೆಳಗಿನ ಸಂಖ್ಯೆ ಅವರ ಕಣ್ಣ ಮುಂದೆ ಕುಣಿಯುತ್ತಿತ್ತು. ತೊಟ್ಟಿಯ ಹಿಂದೆ ಒಂದು ದೊಡ್ಡ ಹೂಕುಂಡ ಇತ್ತು, ಹೂವಿಲ್ಲದ್ದು, ಬರೀ ಮಣ್ಣು. ಅದರಲ್ಲಿ ಹೂತುಬಿಟ್ಟರೆ ಆಯಿತು ಎಂದು ಬಗ್ಗಿದರು.

ಹೂಕುಂಡದಲ್ಲಿ ಜಾಗವಿರಲಿಲ್ಲ. ಅದರಲ್ಲಿ ಆಗಲೇ ಏಳೆಂಟು ತುಂಡು ಕೇಕು ಒಂದರ ಮೇಲೊಂದು ಕೂತಿದ್ದವು. ಕೆಲವಕ್ಕೆ ಮಣ್ಣು ಮುಚ್ಚಿತ್ತು. ಮೇಲಿನದು ಯಾರದ್ದೋ ತೀರ ಅವಸರದ್ದು, ಚಮಚ ಸಮೇತ ನೆಟ್ಟಿತ್ತು. ಆ ಚಮಚ ಯಾರದೆಂದು ಹೇಳುವ ಅಗತ್ಯ ಈ ಕಥೆಗಿಲ್ಲ. ಒಂದು ಕೇಕಿಗೆ ಕೊಟ್ಟ ಹಣದ ಮುಕ್ಕಾಲು ಪಾಲು ಮಣ್ಣುಪಾಲಾದುದನ್ನು ಕಂಡು ಸಾಹೇಬರು ಬಗ್ಗಿದವರು ಬಗ್ಗಿಯೇ ನಿಂತರು.

ಅತ್ತ ಟೈಲರಿನ ಭಾಷಣ ಗುರಿ ಮುಟ್ಟಿತು. "ಈ ಮನೆಗೆ ಬರ್ತಿರೋ ಪುಟ್ಟ ಅತಿಥಿಗೆ ನನ್ನ ಕೈಯಾರೆ ಹೊಲಿದದ್ದು" ಎಂದು ಅಂಗೈಯಗಲದ ಆರು ಅಂಗಿಗಳನ್ನು ಬಿಡಿಸಿ ತೋರಿಸಿದ. ಅಕ್ಕ ಮೇಜಿನ ಕೆಳಗಿಂದ ಹಳೆಯ ಮರದ ತೊಟ್ಟಿಲೊಂದನ್ನು ಎಳೆದು ಮುಂದಿಟ್ಟರು. "ನನ್ನ ತಮ್ಮ ಇದರಲ್ಲೇ ಮಲಗಿ ಬೆಳೆದದ್ದು. ಈಗ ಅವನ ಮಗೂನೂ ಮಲಗಲಿ."

ಹೆಡ್ ಮಿಸ್ಸು ಎದ್ದು ನಿಂತರು. ಗದ್ದಲ ಮಾಡುವ ತರಗತಿಯ ಬಾಗಿಲಲ್ಲಿ ನಿಂತಾಗ ಬರುವ ದನಿಯಲ್ಲಿ ಕೇಳಿದರು.

"ಯಾರಿಗೆ ಮಗು?"

ದಿನಸಿ ಅಂಗಡಿಯವರು ಅಭ್ಯಾಸಬಲದಿಂದ ತಟ್ಟೆ ಒರೆಸತೊಡಗಿದರು.

"ಅಲ್ಲ, ನಿಮಗೆ..." ಎಂದರು ಅಕ್ಕ. "ಮೂರು ತಿಂಗಳು ತುಂಬಲಿ ಅಂತ ಮುಚ್ಚಿಟ್ಟಿದ್ದೀರಿ ಅಂತ ಟೈಲರು..."

"ನನಗೆ? ಐವತ್ತಕ್ಕೆ ಬಂದಿದ್ದೀನಿ. ಶಾಲೆಯಲ್ಲಿ ದಿಂಬು ಇಟ್ಟಿದ್ದು ಇದಕ್ಕಾ? ಇಡೀ ಊರು ನನ್ನ ಹೊಟ್ಟೆ ನೋಡಿ ನಗ್ತಿದ್ದದ್ದು ಇದಕ್ಕಾ?" ಆಕೆಯ ಕಣ್ಣಲ್ಲಿ ನೀರು ಬಂತು. ಹೆಡ್ ಮಿಸ್ಸು ಅತ್ತದ್ದನ್ನು ನಾವು ಅದೇ ಮೊದಲು ನೋಡಿದ್ದು. ತಾರಸಿಯ ಮೇಲಿದ್ದವರಿಗೆಲ್ಲ ಎಲ್ಲಾದರೂ ಅಡಗಿಕೊಳ್ಳೋಣವೆನಿಸಿತು.

ತೊಟ್ಟಿಯ ಹಿಂದಿನಿಂದ ತಕ್ಕಡಿ ಸಾಹೇಬರು ಹೊರಗೆ ಬಂದರು. ಒಂದು ಕೈಯಲ್ಲಿ ತಮ್ಮ ಕೇಕು, ಇನ್ನೊಂದು ಕೈಯಲ್ಲಿ ಆ ಹೂಕುಂಡ. ಹೆಂಡತಿಯ ಮುಖ ನೋಡಿದರು. ಉಪದೇಶಕ್ಕೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಹಾಗೆ ಗಂಟಲು ಸರಿಮಾಡಿಕೊಂಡರು, ಆದರೆ ಉಪದೇಶ ಬರಲಿಲ್ಲ.

"ಅವಳಿಗೇನೂ ಆಗಿಲ್ಲ" ಎಂದರು. "ಆಗಿರೋದು ನನಗೆ. ಸಿಹಿ ಸುದ್ದಿ ಅಂದಿದ್ದು ಸಕ್ಕರೆ ಕಾಯಿಲೆಗೆ. ಟೈಲರು ಎದುರಿಗಿದ್ದ ಅಂತ ಹಾಗಂದೆ. ಹೇಳೋಕೆ ನಾಚಿಕೆ ಆಯ್ತು. ಸೋಮಾರಿಗಳಿಗೆ ಬರೋ ಕಾಯಿಲೆ ಅಂತ ನಿಮಗೆಲ್ಲ ಹೇಳ್ತಿದ್ನಲ್ಲ. ನಾನು ಸೋಮಾರಿ ಹೌದೋ ಅಲ್ಲವೋ ಗೊತ್ತಿಲ್ಲ. ಆದ್ರೆ ದಿನಾ ಒಂದು ಪೊಟ್ಟಣ ಬಿಸ್ಕತ್ತು ತಿಂತಿದ್ದೆ. ಅವಳನ್ನ ನೋಡಿ ನಗಬೇಡಿ. ನನ್ನನ್ನ ನೋಡಿ ನಗಿ."

ಯಾರೂ ನಗಲಿಲ್ಲ. ಸಾಹೇಬರು ಹೂಕುಂಡವನ್ನು ಮೇಜಿನ ಮೇಲೆ, ಕೇಕಿನ ಪಕ್ಕದಲ್ಲಿಟ್ಟರು. "ಅದಿರಲಿ. ಇದೆಲ್ಲ ಯಾರದು?"

ಸಂತೆಯಲ್ಲಿ ಕಳ್ಳ ಬಟ್ಟು ಹಿಡಿದಾಗಿನ ಅದೇ ದನಿ. ಮೊದಲು ಸೋತವನು ಟೈಲರು. ಅವನು ಎಡಗೈ ತೋಳನ್ನು ಮೇಲೆ ಸರಿಸಿದ. "ನನಗೆ ಆರು ವರ್ಷ ಆಯ್ತು ಸಾರ್. ಲ್ಯಾಬಿಗೆ ಬಂದಿದ್ದು ಫ್ಯಾನಿಗಲ್ಲ. ಹೇಳಿದ್ರೆ ನೀವು ಬೈತೀರಿ ಅಂತ..."

"ನನಗೆ ಮೂರು" ಎಂದರು ದಿನಸಿ ಅಂಗಡಿಯವರು. "ಅಂಗಡಿ ಸಕ್ಕರೆ ಮೂಟೆ ಮೇಲೇ ಕೂರ್ತೀನಿ, ಒಂದು ಚಮಚ ಬಾಯಿಗೆ ಹಾಕೋ ಹಾಗಿಲ್ಲ. ನೀವು ಬಂದಾಗ ಮಾತ್ರ ನಿಮ್ಮೆದುರಿಗೆ ಸಕ್ಕರೆ ಚಹಾ ಕುಡೀತಿದ್ದೆ."

"ನಿನ್ನ ಅಕ್ಕ ಕಣೋ ನಾನು" ಎಂದರು ಅಕ್ಕ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಅಪ್ಪನಿಗೆ ಬಂದಿದ್ದು ನಿನಗೊಬ್ಬನಿಗೇ ಬರುತ್ತಾ? ನೀನು ಬಾಯಿ ತೆಗೆದ್ರೆ ಸೋಮಾರಿ ಅಂತಿದ್ದೆ. ಅದಕ್ಕೇ ನಿನ್ನ ಮನೆಗೆ ಬರೋದೇ ಕಡಿಮೆ ಮಾಡಿದ್ದೆ."

ಈ ಮಾತು ಸಾಹೇಬರಿಗೆ ನಾಟಿತು. ಅವರು ಹೋಗಿ ಅಕ್ಕನ ಪಕ್ಕದಲ್ಲಿ ಕೂತರು. ದೂರದ ಕುರ್ಚಿಯಿಂದ ಮೇಲಧಿಕಾರಿ ಎದ್ದು, "ಹಾಗಾದ್ರೆ ನಿಮ್ಮ ಅಜ್ಜಿಗೆ ಎಂಬತ್ತಕ್ಕೆ ಬಂದಿದ್ದು..." ಎಂದು ಶುರುಮಾಡಿ, ವಾಕ್ಯ ಮುಗಿಸಲಾಗದೆ ನಗತೊಡಗಿದರು. ಅಷ್ಟು ಗಂಭೀರ ಹೆಂಗಸು ಕುರ್ಚಿಯ ಬೆನ್ನು ಹಿಡಿದುಕೊಂಡು ನಕ್ಕಿದ್ದು ಕಂಡು ಹೆಡ್ ಮಿಸ್ಸಿಗೂ ನಗು ಬಂತು. ಆಕೆ ನಕ್ಕ ಮೇಲೆ ನಮಗೆಲ್ಲ ಅಪ್ಪಣೆ ಸಿಕ್ಕ ಹಾಗಾಯಿತು.

ಮರುದಿನದಿಂದ ಬೆಳಗಿನ ವಾಕಿಂಗು ದೊಡ್ಡ ದಿಬ್ಬಣವಾಯಿತು. ಅದುವರೆಗೆ ಒಬ್ಬರ ಕಣ್ಣಿಗೆ ಒಬ್ಬರು ಬೀಳದಂತೆ ಒಬ್ಬೊಬ್ಬರು ಒಂದೊಂದು ಓಣಿಯಲ್ಲಿ ನಡೆಯುತ್ತಿದ್ದರಂತೆ. ಟೈಲರು ಮುಂದೆ, ದಿನಸಿ ಅಂಗಡಿಯವರು ಹಿಂದೆ, ನಡುವೆ ಸಾಹೇಬರು. ಉಪದೇಶ ನಿಲ್ಲಲಿಲ್ಲ, ಹುಟ್ಟುಗುಣ ಸುಟ್ಟರೂ ಹೋಗದು. ಆದರೆ ಈಗ ಅವರ ಪಲ್ಲವಿ ಬದಲಾಗಿತ್ತು: "ನಮ್ಮಂಥವರು ಏನ್ ಮಾಡಬೇಕು ಅಂದ್ರೆ..." ಎಂದು ಶುರುವಾಗುತ್ತಿತ್ತು. "ನಮ್ಮಂಥವರು" ಎಂಬ ಪದ ಕೇಳಲು ಹಿತವಾಗಿತ್ತು. ಅಕ್ಕ ವಾರಕ್ಕೊಮ್ಮೆ ಬರತೊಡಗಿದರು. ತೊಟ್ಟಿಲನ್ನು ತಿರುಗಿ ಒಯ್ಯಲು ಒಪ್ಪಲಿಲ್ಲವಾದ್ದರಿಂದ ಅದರಲ್ಲಿ ಸೊಪ್ಪು ತರಕಾರಿ ಮಲಗಿಸಲಾಯಿತು. ಆರು ಪುಟ್ಟ ಅಂಗಿಗಳಲ್ಲಿ ಒಂದನ್ನು ಸಕ್ಕರೆ ಅಳೆಯುವ ಯಂತ್ರಕ್ಕೆ ತೊಡಿಸಿದರು. ಅಳತೆ ಸರಿಯಾಗಿತ್ತು.

ಹೆಡ್ ಮಿಸ್ಸು ಮಾತ್ರ ಒಂದು ಕಟ್ಟಪ್ಪಣೆ ಮಾಡಿದರು. "ಸಿಹಿ ಸುದ್ದಿ ಅನ್ನೋ ಮಾತು ಇನ್ನು ನಿಮ್ಮ ಬಾಯಲ್ಲಿ ಬರಕೂಡದು. ಸಕ್ಕರೆ ಇಳೀತು ಅಂದ್ರೆ ಬೇಕಾದ್ರೆ ಕಹಿ ಸುದ್ದಿ ಅನ್ನಿ."

ಸಾಹೇಬರು ಹೆಂಡತಿಯ ಮಾತನ್ನು ಅಕ್ಷರಶಃ ಪಾಲಿಸುವ ಗಂಡ. ಮೂರು ತಿಂಗಳು ತುಂಬಿ, ಎರಡನೆಯ ರಿಪೋರ್ಟು ಬಂದ ದಿನ ಲ್ಯಾಬಿನ ಹೊರಕೋಣೆಯಲ್ಲಿ ನಿಂತು ಫೋನು ಮಾಡಿದರು.

"ಹಲೋ, ನಾನೇ. ಒಂದು ಕಹಿ ಸುದ್ದಿ ಇದೆ" ಎಂದರು ಸಂತೋಷದಿಂದ ಗದ್ಗದರಾಗಿ. "ಹೂಂ, ಡಾಕ್ಟರು ಹೇಳಿಬಿಟ್ರು. ಇನ್ನು ಇಂಜೆಕ್ಷನ್ನೂ ಬೇಡವಂತೆ. ಮಾತ್ರೇನೂ ಅರ್ಧ ಸಾಕಂತೆ. ಇವತ್ತು ಏನು ಆಸೆಪಟ್ಟರೂ ಕೊಡಿ ಅಂದ್ರು."

ಮೂಲೆಯ ಬೆಂಚಿನಲ್ಲಿ ಪೇಪರು ಹಿಡಿದು ಕೂತಿದ್ದವರು ದಿನಸಿ ಅಂಗಡಿಯವರು. ಅವರು ಪೇಪರು ಕೆಳಗಿಳಿಸಲಿಲ್ಲ. ಅದರ ಹಿಂದೆಯೇ ಕಣ್ಣೊರೆಸಿಕೊಂಡು, ಹಿಂಬಾಗಿಲಿನಿಂದ ಹೊರಟರು.

ಸಾಹೇಬರು ಆ ಖುಷಿಯಲ್ಲಿ ಬಸ್ಸು ಹತ್ತದೆ ನಡೆದೇ ಬಂದರು. ಬಂದು ನೋಡಿದರೆ ಟೈಲರಿನ ಅಂಗಡಿಯ ಬಾಗಿಲು ಅರ್ಧ ಎಳೆದಿದೆ. ಮೆಟ್ಟಿಲ ಮೇಲೆ ಕಟ್ಟಡದವರೆಲ್ಲ ತಲೆ ತಗ್ಗಿಸಿ ಸಾಲಾಗಿ ಕೂತಿದ್ದಾರೆ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಿದ್ದಾರೆ. ದಿನಸಿ ಅಂಗಡಿಯಿಂದ ಹೊರಟಾಗ "ಸಾಹೇಬರು ಇನ್ನು ಹೆಚ್ಚು ದಿನ ಇಲ್ಲ" ಎಂದಿದ್ದ ಸುದ್ದಿ ನಮ್ಮ ಮೆಟ್ಟಿಲು ತಲುಪುವಷ್ಟರಲ್ಲಿ "ಹೋಗಿಬಿಟ್ಟರು" ಆಗಿತ್ತು. ನನ್ನ ಕೈಯಲ್ಲಿ ಶ್ರದ್ಧಾಂಜಲಿಯ ಕರಡು. ತಲೆ ಎತ್ತದೆ ತಿದ್ದುತ್ತಿದ್ದೆ.

ಸಾಹೇಬರು ದುಃಖದ ಮನೆಗೆ ಬಂದವರ ಹಾಗೆ ಚಪ್ಪಲಿ ಬಿಟ್ಟು, ನನ್ನ ಪಕ್ಕದಲ್ಲಿ ಮೆಲ್ಲನೆ ಕೂತರು.

"ಯಾರು ಹೋದ್ರು?" ಎಂದು ನನ್ನ ಕಿವಿಯಲ್ಲಿ ಕೇಳಿದರು.

ನಾನು ಗಾಬರಿಯಲ್ಲಿ ಕಾಗದ ಕೊಟ್ಟೆ. ಅವರು ಓದಿದರು. ಹೆಸರು ಮೇಲ್ಗಡೆ ಇತ್ತು, ಅವರು ಕೆಳಗಿನಿಂದ ಶುರುಮಾಡಿದರು. "ಸ್ನೇಹಜೀವಿ, ನಮ್ಮೆಲ್ಲರ ಆರೋಗ್ಯಕ್ಕಾಗಿ ಹಗಲಿರುಳು ಮಿಡಿದವರು" ಎಂಬಲ್ಲಿ ಕಣ್ಣು ಒದ್ದೆಯಾಯಿತು. "ಪಾಪ, ಒಳ್ಳೆಯವನೇ ಇರಬೇಕು" ಎಂದು ಮೂಗು ಒರೆಸಿಕೊಂಡು ಮೇಲೆ ಹೋದರು. ಹೆಸರು ಕಂಡಿತು.

"ವಯಸ್ಸು ಎರಡು ವರ್ಷ ಜಾಸ್ತಿ ಹಾಕಿದ್ದೀರಿ" ಎಂದ ಸಾಹೇಬರು ನನ್ನ ಪೆನ್ನು ತೆಗೆದುಕೊಂಡು ತಿದ್ದಿದರು. "ಅಳತೆಯಲ್ಲಿ ಮೋಸ ಇರಬಾರದು."

ಅಷ್ಟರಲ್ಲಿ ಅಕ್ಕ ತಲೆ ಎತ್ತಿ ತಮ್ಮನನ್ನು ಕಂಡರು. ಅಲ್ಲಿ ಮುಂದೆ ಎದ್ದ ಗದ್ದಲವನ್ನು ನಾನು ಬರೆಯುವುದಿಲ್ಲ. ಶಾಲೆಯಿಂದ ಬಂದ ಹೆಡ್ ಮಿಸ್ಸು ಗೇಟಿನಲ್ಲಿ ನಿಂತು ಎಲ್ಲವನ್ನೂ ಕೇಳಿ, ಗಂಡನನ್ನು ಒಮ್ಮೆ, ದಿನಸಿ ಅಂಗಡಿಯವರನ್ನು ಒಮ್ಮೆ ನೋಡಿ, ಕೊನೆಗೆ ಇಷ್ಟೇ ಕೇಳಿದರು.

"ಆಸೆಪಟ್ಟಿದ್ದು ಕೊಡಿ ಅಂದ್ರಂತಲ್ಲ ಡಾಕ್ಟರು. ಏನು ಬೇಕು?"

"ಒಂದು ತುಂಡು ಕೇಕು" ಎಂದರು ಸಾಹೇಬರು.

ಮೇಲೆ, ಅವರ ಊಟದ ಮೇಜಿನ ಮೇಲೆ, ಆ ಹಳೆಯ ತಕ್ಕಡಿಯಲ್ಲಿ ಹೆಡ್ ಮಿಸ್ಸು ಕೇಕನ್ನು ತೂಗಿದರು. ಮುಳ್ಳು ನಿಲ್ಲುವವರೆಗೆ ನಾವೆಲ್ಲ ಸುತ್ತಲೂ ಕಾದು ನಿಂತೆವು. ಬಹಳ ಸಣ್ಣ ತುಂಡು. ಸಾಹೇಬರು ಅದನ್ನು ಎಲ್ಲರೆದುರಿಗೆ, ಕಣ್ಣು ಮುಚ್ಚಿಕೊಂಡು, ನಿಧಾನವಾಗಿ ತಿಂದರು. ಹೂಕುಂಡಕ್ಕೆ ಒಂದು ಚೂರೂ ಬೀಳಲಿಲ್ಲ.